ಎರಡು ಗೋಡೆಗಳ ನಡುವೆ

"ಅಷ್ಟು ಹೊತ್ತು ಉಸಿರು ಬಿಡದೆ ಮಾತಾಡಿದಳು. ನೀವು ನನಗೆ ಹೇಳಿದ್ದು ಒಂದೇ ಸಾಲು!"

ಇನ್‌ಸ್ಪೆಕ್ಟರ್ ಬಹೀಜಾ ಮೇಜಿನ ಮೇಲೆ ಅಂಗೈ ಬಡಿದಳು. ಮೇಜಿನ ಮೇಲಿದ್ದ ಖಾಲಿ ಕಾಫಿ ಲೋಟ ಹಾರಿ ಮಗುಚಿಕೊಂಡಿತು.

ಸಾರ್ಜೆಂಟ್ ಲಖ್ದರ್ ಟೋಪಿ ತೆಗೆದು ಬೋಳುತಲೆಯ ಬೆವರು ಒರೆಸಿಕೊಂಡ. "ಉಳಿದದ್ದೆಲ್ಲ ಬೈಗುಳ ಮದಾಮ್. ನಮ್ಮಮ್ಮನಿಂದ ಶುರುಮಾಡಿ ನಮ್ಮ ಮನೆ ಹೇಸರಗತ್ತೆವರೆಗೆ ಯಾರನ್ನೂ ಬಿಟ್ಟಿಲ್ಲ. ನಿಮ್ಮೆದುರು ಅದನ್ನೆಲ್ಲ ಬಾಯಿಬಿಟ್ಟು ಹೇಳೋಕೆ ನಾಲಿಗೆ ಬರಬೇಕಲ್ಲ?"

ಕುರ್ಚಿ ಕೊಟ್ಟರೂ ಒಲ್ಲೆನೆಂದು ನೆಲದ ಮೇಲೆ ಕುಳಿತಿದ್ದ ಮುದುಕಿ ಲಖ್ದರನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಗಲ್ಲದ ಮೇಲೆ ಹಸಿರು ಹಚ್ಚೆ, ಎದೆಯ ಮೇಲೆ ಬೆಳ್ಳಿಯ ದೊಡ್ಡ ಪಿನ್ನು, ಮೈತುಂಬ ಕಪ್ಪು ಸುತ್ತುಬಟ್ಟೆ. ಊರೆಲ್ಲ ಅವಳನ್ನು ಯೆಮ್ಮಾ ಮುಬಾರ್ಕಾ ಎನ್ನುತ್ತಿತ್ತು. ಊರಾಚೆಯ ಹೆನ್ಶೀರ್ ಎಂಬ ರೋಮನ್ ಹಾಳೂರಿನ ಗೋಡೆಗಳ ನಡುವೆ ಆಡು ಮೇಯಿಸುವುದೇ ಅವಳ ಬದುಕು. ಆ ಹಾಳಿನ ಗ್ರಂಥಾಲಯದಲ್ಲಿ ಅಗೆದಾಗ ಸಿಕ್ಕಿದ್ದ ವಿದ್ಯಾದೇವಿ ಮಿನರ್ವಾಳ ಅಮೃತಶಿಲೆಯ ತಲೆ ಮಾಯವಾಗಿ ವಾರವಾಗಿತ್ತು. ಅದನ್ನಿಟ್ಟಿದ್ದ ಉಗ್ರಾಣದ ಬೀಗ ಒಡೆದಿತ್ತು, ಹಿಂದೆ ಲಖ್ದರನಿಗೆ ಸಿಕ್ಕಿದ್ದು ಈ ಮುದುಕಿಯ ತಲೆವಸ್ತ್ರ.

ಅವಳಿಗೆ ಬರುತ್ತಿದ್ದದ್ದು ಶಾವಿಯಾ ಒಂದೇ. ಬಹೀಜಾ ಹುಟ್ಟಿ ಬೆಳೆದದ್ದು ಅನ್ನಾಬಾದ ಕಡಲ ದಂಡೆಯಲ್ಲಿ. ಅವಳಿಗೆ ಅರಬ್ಬಿ ಬರುತ್ತಿತ್ತು, ಫ್ರೆಂಚ್ ಬರುತ್ತಿತ್ತು, ಈ ಬೆಟ್ಟದವರ ಭಾಷೆ ಮಾತ್ರ ಒಂದಕ್ಷರ ತಿಳಿಯುತ್ತಿರಲಿಲ್ಲ. ಠಾಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಆ ಭಾಷೆ ಕಿವಿಗೆ ಬಿದ್ದರೆ ಮುಚ್ಚಿದ ಬಾಗಿಲ ಮುಂದೆ ನಿಂತಂತೆ ಅನ್ನಿಸತೊಡಗಿತ್ತು.

"ಸರಿ, ಆ ಒಂದು ಸಾಲನ್ನೇ ಮತ್ತೆ ಹೇಳಿ, ಅಮ್ಮಿ ಲಖ್ದರ್." ವಯಸ್ಸಿನಲ್ಲಿ ತಂದೆಯಷ್ಟಿದ್ದ ಅವನನ್ನು ಅವಳು ಅಮ್ಮಿ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದಳು.

"ಬಿಳಿ ಕಾರಲ್ಲಿ ಬಂದ ಯಾರೋ ಪರವೂರಿನವನಿಗೆ ಕೊಟ್ಟುಬಿಟ್ಟೆ ಅಂತಾಳೆ."

"ಮೊನ್ನೆ ನೀಲಿ ಕಾರು ಅಂದಿದ್ದಳು."

"ಮುದುಕಿ ಕಣ್ಣು ಮದಾಮ್. ಇವತ್ತು ಬಿಳಿ, ನಾಳೆ ಕೆಂಪು. ಒಪ್ಪಿಕೊಂಡಳಲ್ಲ, ಅಷ್ಟು ಸಾಕು."

"ಯಾಕೆ ಕೊಟ್ಟಳಂತೆ? ಕೇಳಿ."

ಲಖ್ದರ್ ಬಗ್ಗಿ ಕೇಳಿದ. ಅವನ ಪ್ರಶ್ನೆ ಉದ್ದವಾಗಿತ್ತು. ಮುದುಕಿ ಉತ್ತರವಾಗಿ ನೆಲಕ್ಕೆ ಉಗುಳಿದಳು.

"ಇದನ್ನಂತೂ ಅನುವಾದ ಮಾಡೋದು ಬೇಡ ತಾನೆ?" ಎಂದ ಲಖ್ದರ್. ಬಹೀಜಾಗೆ ನಗು ಬರಬೇಕಿತ್ತು. ಬಂದದ್ದು ತಲೆನೋವು.

ಕಿಟಕಿಯಾಚೆ ಮರುಭೂಮಿಯ ಬಿಸಿಗಾಳಿ ಬೆಳಿಗ್ಗೆಯೇ ಎದ್ದು ಧೂಳು ಎರಚುತ್ತಿತ್ತು. ಲಖ್ದರ್ ಮಗುಚಿದ್ದ ಲೋಟ ಎತ್ತಿಕೊಂಡು, "ಇನ್ನೊಂದು ಕಾಫಿ ತರ್ತೀನಿ ಮದಾಮ್. ನಿಮ್ಮ ಮುಖ ನೋಡಿದ್ರೆ ನನಗೇ ಸಂಕಟ ಆಗುತ್ತೆ" ಎಂದು ಹೊರಗೆ ಹೋದ.

ಬಾಗಿಲು ಮುಚ್ಚಿದ್ದೇ ತಡ, ಮುದುಕಿ ಮಂಡಿಯೂರಿ ಎದ್ದಳು. ತೋರುಬೆರಳು ಚಾಚಿ ಬಾಗಿಲನ್ನು ತೋರಿಸಿದಳು. ಗಾಳಿಯನ್ನು ತಿವಿಯುವ ಹಾಗೆ ಮತ್ತೆ ಮತ್ತೆ ತೋರಿಸಿದಳು.

"ಮನೆಗೆ ಹೋಗಬೇಕಾ?" ಬಹೀಜಾ ಅರಬ್ಬಿಯಲ್ಲಿ ಕೇಳಿದಳು. "ಬಿಡ್ತೀನಮ್ಮ, ನಿಜ ಹೇಳು, ಬಿಟ್ಟುಬಿಡ್ತೀನಿ."

ಮುದುಕಿ ಹಣೆ ಚಚ್ಚಿಕೊಂಡಳು. ಆಮೇಲೆ ಬಹೀಜಾಳ ಮುಖದ ಹತ್ತಿರಕ್ಕೆ ಬಂದು ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದಳು. ನಡುವೆ ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದಳು. ಆ ಜಾಗವನ್ನು ಕಣ್ಣಲ್ಲೇ ತೋರಿಸಿ ಬಹೀಜಾಳನ್ನು ನೋಡಿದಳು. ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಮುದುಕಿ ಥಟ್ಟನೆ ಕುಳಿತು ಕೈಗಳನ್ನು ಬಟ್ಟೆಯೊಳಗೆ ಎಳೆದುಕೊಂಡಳು.

"ಈ ಸನ್ನೆಗೆ ನಿಮ್ಮವರಲ್ಲಿ ಏನರ್ಥ?" ಬಹೀಜಾ ತನ್ನ ಅಂಗೈಗಳನ್ನು ಹಾಗೆಯೇ ಹಿಡಿದು ಲಖ್ದರನಿಗೆ ತೋರಿಸಿದಳು.

ಅವನು ಲೋಟವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡಿದ. "ಕೆಸ್ರಾ ರೊಟ್ಟಿ ತಟ್ಟೋದು ಹೀಗೆ. ಹಸಿವಾಗಿದೆ ಅಂತಿದಾಳೇನೋ."

ಆ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಸರ್ಕಾರಿ ವಕೀಲರ ಕಚೇರಿಯಿಂದ. ಆರೋಪಿ ತಪ್ಪೊಪ್ಪಿಕೊಂಡ ಮೇಲೆ ಇನ್ನೂ ಯಾತಕ್ಕೆ ಎಳೆದಾಡುತ್ತಿದ್ದೀರಿ, ನಾಳೆ ಬೆಳಿಗ್ಗೆ ಆಕೆಯನ್ನು ಬಾತ್ನಾ ಜೈಲಿಗೆ ಕಳಿಸಿ ಎಂದು ಆ ಕಡೆಯ ದನಿ ಹೇಳಿತು. ಬಹೀಜಾ "ಆಗಲಿ" ಎಂದು ಫೋನ್ ಇಟ್ಟಳು. ಎದುರಿಗೆ ಸಿಕ್ಕ ಯಾವುದನ್ನಾದರೂ ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು. ಸಿಕ್ಕಿದ್ದು ಕಾಫಿ. ಕುಡಿದಳು. ಅದಕ್ಕೆ ಸಕ್ಕರೆ ಹಾಕಿರಲಿಲ್ಲ.

ಹೊರಗೆ ಗೇಟಿನಲ್ಲಿ ಮತ್ತೊಂದು ರಂಪ. ಬುತ್ತಿಗಂಟು ಹಿಡಿದ ಹೆಂಗಸೊಬ್ಬಳು ಪಹರೆಯವನ ಜೊತೆ ಕೂಗಾಡುತ್ತಿದ್ದಳು. ಮುದುಕಿಯ ಅಣ್ಣನ ಮಗಳು ತೂನೆಸ್. ದಿನವೂ ಬರುತ್ತಿದ್ದಳು, ದಿನವೂ ಲಖ್ದರ್ ಅವಳನ್ನು ಗೇಟಿನಿಂದಲೇ ಸಾಗಹಾಕುತ್ತಿದ್ದ.

"ಮದಾಮ್! ಒಂದೇ ಒಂದು ಮಾತು ಕೇಳಿ! ನಮ್ಮತ್ತೆ ಹತ್ರ ನನ್ನನ್ನ ಬಿಡಿ!"

"ವಿಚಾರಣೆ ಮುಗಿಯೋವರೆಗೆ ಸಂಬಂಧಿಕರನ್ನ ಬಿಡೋ ಹಾಗಿಲ್ಲ ಅಂತ ಎಷ್ಟು ಸಲ ಹೇಳೋದಮ್ಮ?" ಎಂದ ಲಖ್ದರ್, ಜೀಪಿನ ಬಾಗಿಲು ತೆರೆಯುತ್ತ.

"ನಿನ್ನನ್ನ ಯಾರು ಕೇಳಿದ್ರು? ನಾನು ಮದಾಮ್ ಹತ್ರ ಮಾತಾಡ್ತಿದೀನಿ!"

"ನಾಳೆ ಬಾ," ಎಂದಳು ಬಹೀಜಾ. ಹೇಳಿದ ಮೇಲೆ, ನಾಳೆ ಮುದುಕಿ ಇಲ್ಲಿ ಇರುವುದಿಲ್ಲವೆಂದು ನೆನಪಾಗಿ ಮುಖ ತಿರುಗಿಸಿ ಜೀಪು ಹತ್ತಿದಳು.

*

ಹೆನ್ಶೀರಿನಲ್ಲಿ ನೆರಳೆಂದರೆ ಕಂಬಗಳದ್ದು, ಅದೂ ಒಬ್ಬರಿಗೆ ಸಾಲುವಷ್ಟು. ಡಾಕ್ಟರ್ ವಸೀಲಾ ಗ್ರಂಥಾಲಯದ ಮೆಟ್ಟಿಲ ಮೇಲೆ, ಅಂಥದೊಂದು ನೆರಳಿನ ಪಟ್ಟಿಯೊಳಗೆ ಕುಳಿತು ಖರ್ಜೂರ ತಿನ್ನುತ್ತಿದ್ದಳು. ಉತ್ಖನನದ ಮುಖ್ಯಸ್ಥೆ. ಬಿಸಿಲಿಗೆ ಸುಟ್ಟ ಮುಖ, ಗಂಡಸರ ಬೂಟು, ಯಾರನ್ನು ಕಂಡರೂ ಸಿಡುಕು.

"ಮತ್ತೆ ಬಂದಿರಾ? ಕೆಲಸದವರನ್ನೆಲ್ಲ ಮನೆಗೆ ಕಳಿಸಿದ್ದಾಯ್ತು, ಅಗೆತ ನಿಲ್ಲಿಸಿದ್ದಾಯ್ತು. ಇನ್ನೇನು, ನನ್ನ ಚೀಲ ಇನ್ನೊಂದು ಸಲ ಜಾಲಾಡಬೇಕಾ?"

"ಆ ತಲೆಯನ್ನ ರಾಜಧಾನಿ ಆಲ್ಜೀರ್ಸಿಗೆ ಕಳಿಸೋ ಬದಲು ಮತ್ತೆ ಮಣ್ಣಲ್ಲಿ ಹೂತುಬಿಡ್ತೀನಿ ಅಂತ ಎಲ್ಲರೆದುರು ಕೂಗಾಡಿದವರು ನೀವು, ಡಾಕ್ಟರ್. ಚೀಲ ಜಾಲಾಡದೆ ಏನು ಮಾಡಲಿ?"

"ಕೂಗಾಡಿದೆ. ಕೋಪ ಬಂದಿತ್ತು, ಕೂಗಾಡಿದೆ. ನನ್ನ ಅರ್ಧ ಆಯಸ್ಸು ಈ ಧೂಳಲ್ಲಿ ಹೋಯ್ತು. ಟಿಮ್‌ಗಾಡ್ ಹಾಳು ನೋಡೋಕೆ ಬಸ್ಸುಗಟ್ಟಲೆ ಜನ ಹೋಗ್ತಾರೆ. ಇಲ್ಲಿಗೆ ಆಡು ಬಿಟ್ರೆ ಯಾರೂ ಬರಲ್ಲ. ಒಂದು ತಲೆ ಸಿಕ್ತು, ಅದನ್ನೂ ನಮ್ಮಿಂದ ಕಿತ್ಕೊಂಡು ಹೋಗ್ತೀವಿ ಅಂದ್ರೆ?" ಅವಳು ಖರ್ಜೂರದ ಬೀಜವನ್ನು ದೂರ ಎಸೆದಳು. "ಆದ್ರೆ ಕದಿಯೋಕೆ ನನಗೆ ಬರಲ್ಲ. ಬಂದಿದ್ರೆ ಹೀಗೆ ಮುರುಕು ಟೆಂಟಲ್ಲಿ ಇರ್ತಿದ್ನಾ?"

ಬಹೀಜಾ ಅವಳನ್ನು ದಾಟಿದಳು. ಮೆಟ್ಟಿಲು ಹತ್ತಿ ಅರ್ಧಚಂದ್ರದಂತಿದ್ದ ಓದುಮನೆಯೊಳಗೆ ಹೋದಳು. ಮಾಡು ಎಂದೋ ಬಿದ್ದುಹೋಗಿತ್ತು. ಬಾಗಿದ ಗೋಡೆಯಲ್ಲಿ ಸಾಲಾಗಿ ಗೂಡುಗಳು. ಹಿಂದೊಮ್ಮೆ ಅವುಗಳಲ್ಲಿ ಮರದ ಕಪಾಟುಗಳಿದ್ದವು, ಕಪಾಟುಗಳಲ್ಲಿ ಸುರುಳಿ ಸುತ್ತಿದ ಪುಸ್ತಕಗಳು. ನಟ್ಟನಡುವಿನ ದೊಡ್ಡ ಗೂಡು ದೇವಿಯದು. ಅದರ ಕಟ್ಟೆಯ ಮೇಲೆ ಮದರಂಗಿಯ ಹಳೆಯ ಕಲೆಗಳಿದ್ದವು. ಮಕ್ಕಳಿಗೆ ಪರೀಕ್ಷೆ ಬಂದಾಗ ಊರ ಹೆಂಗಸರು ಯಾರಿಗೂ ಹೇಳದೆ ಇಲ್ಲಿಗೆ ಬಂದು ಮದರಂಗಿ ಹಚ್ಚಿ ಹೋಗುತ್ತಿದ್ದರು. ಇಲ್ಲಿ ಯಾರೂ ಮಿನರ್ವಾ ಅನ್ನುತ್ತಿರಲಿಲ್ಲ. ಲಲ್ಲಾ ಎನ್ನುತ್ತಿದ್ದರು, ದೊಡ್ಡಮ್ಮ ಎನ್ನುವ ಹಾಗೆ.

ಅವಳು ಆಯಾಸದಿಂದ ಒಂದು ಗೂಡಿನ ಅಂಚಿಗೆ ಕುಳಿತು ಒರಗಿದಳು. ಬೆನ್ನು ಸುಡಬೇಕಿತ್ತು. ಸುಡಲಿಲ್ಲ.

ಬಹೀಜಾ ತಿರುಗಿ ಕಲ್ಲಿಗೆ ಅಂಗೈ ಇಟ್ಟಳು. ಹೊರಗೆ ಕಂಬ ಮುಟ್ಟಿದರೆ ಬೊಕ್ಕೆ ಏಳುವಂಥ ಬಿಸಿಲು; ಗೂಡಿನ ಹಿಂಬದಿ ಮಾತ್ರ ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು. ಸಂದಿಯೊಂದಕ್ಕೆ ಕೆನ್ನೆ ಒತ್ತಿದಳು. ಒಳಗಿನಿಂದ ತೆಳುವಾದ ತಂಪು ಉಸಿರು ಬಂತು.

"ಡಾಕ್ಟರ್! ಈ ಗೋಡೆ ಹಿಂದೆ ಏನಿದೆ?"

"ಇನ್ನೊಂದು ಗೋಡೆ." ವಸೀಲಾ ಎದ್ದು ಬರಲಿಲ್ಲ, ಕುಳಿತಲ್ಲಿಂದಲೇ ಕೂಗಿದಳು. "ಹೊರಗಿನ ತೇವ ಪುಸ್ತಕಕ್ಕೆ ತಾಗಬಾರದು ಅಂತ ಎರಡು ಗೋಡೆ ಕಟ್ತಿದ್ರು. ನಡುವೆ ಖಾಲಿ ಬಿಡ್ತಿದ್ರು. ಗಾಳಿ ಆಡಲಿ ಅಂತ."

"ಎಷ್ಟು ಖಾಲಿ?"

"ತೆಳ್ಳಗಿರೋರು ಅಡ್ಡಡ್ಡ ನುಸುಳಬಹುದು. ಯಾಕೆ?"

ಎರಡು ಗೋಡೆ. ನಡುವೆ ಖಾಲಿ. ಬಹೀಜಾ ತನಗರಿವಿಲ್ಲದೆ ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದಿದ್ದಳು. ಅದನ್ನು ನೋಡುತ್ತಲೇ ಹೊಳೆಯಿತು. ರೊಟ್ಟಿ ತಟ್ಟುವುದಲ್ಲ. ಮುದುಕಿ ಹೇಳಿದ್ದು ಜಾಗ.

"ಅಮ್ಮಿ ಲಖ್ದರ್! ಜೀಪಿಂದ ಹಾರೆ ತನ್ನಿ!"

ಹಾರೆ ಎಂಬ ಮಾತು ಕೇಳಿದ್ದೇ ವಸೀಲಾ ಎದ್ದು ಓಡಿಬಂದಳು. ಗೂಡಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಳು. "ಈ ಗೋಡೆಗೆ ಒಂದು ಗೀರು ಬಿದ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ! ಆಲ್ಜೀರ್ಸಿಂದ ಅನುಮತಿ ತನ್ನಿ, ಆಮೇಲೆ ಹಾರೆ ಎತ್ತಿ."

"ಅನುಮತಿ ಬರೋ ಹೊತ್ತಿಗೆ ಆ ಮುದುಕಿ ಜೈಲಲ್ಲಿ ಸತ್ತಿರ್ತಾಳೆ!"

"ಸಾವಿರದ ಎಂಟುನೂರು ವರ್ಷ ನಿಂತಿರೋ ಗೋಡೆ ಇದು!"

"ಮುದುಕಿಗೆ ಅಷ್ಟು ಆಯಸ್ಸಿಲ್ಲ, ಡಾಕ್ಟರ್." ಬಹೀಜಾ ಒಂದು ಹೆಜ್ಜೆ ಮುಂದೆ ಬಂದಳು. ಒಂದು ವಾರದ ಸಿಟ್ಟೆಲ್ಲ ಮಾತಿಗೆ ಬಂತು. "ಆಕೆಗೆ ಗೊತ್ತು, ಹೇಳೋಕೆ ಆಗ್ತಿಲ್ಲ. ನಿಮಗೆ ಗೋಡೆ ವಿಷಯ ಗೊತ್ತಿತ್ತು, ನೀವು ಹೇಳಲಿಲ್ಲ. ಊರಿಗೆಲ್ಲ ಏನೇನೋ ಗೊತ್ತು, ಯಾರೂ ನನ್ನ ಹತ್ರ ಬಾಯಿ ಬಿಡಲ್ಲ. ನಾನು ಕುರುಡಿ ಹಾಗೆ ಗೋಡೆ ತಡಕ್ತಾ ಇದೀನಿ. ಈಗ ಕೈಗೆ ತಂಪು ತಾಗಿದೆ. ನೀವು ಅಡ್ಡ ನಿಂತಿದೀರಿ. ಯಾಕೆ? ಒಳಗೇನಿದೆ ಅಂತ ನಿಮಗೆ ಮೊದಲೇ ಗೊತ್ತಾ?"

"ಏನಂದ್ರಿ?"

"ಕೇಳಿಸ್ತಲ್ಲ."

ವಸೀಲಾ ಚಾಚಿದ್ದ ಕೈಗಳನ್ನು ಇಳಿಸಿದಳು. ಬೈಯುತ್ತಾಳೆ ಎಂದುಕೊಂಡಳು ಬಹೀಜಾ. ಆದರೆ ಅವಳು ಸರಸರ ಮೆಟ್ಟಿಲಿಳಿದು ಗೋಡೆಯನ್ನು ಸುತ್ತಿ ಹಿಂಬದಿಗೆ ನಡೆದಳು. ಬಹೀಜಾ ಹಿಂದೆಯೇ ಓಡಿದಳು.

"ಒಳಗೆ ಏನಾದ್ರೂ ಇಟ್ಟಿದ್ರೆ, ಗೋಡೆ ಒಡೆದು ಇಟ್ಟಿರಲ್ಲ. ಎಲ್ಲೋ ಒಂದು ಕಲ್ಲು ಸಡಿಲ ಇರಬೇಕು." ವಸೀಲಾ ನೆಲಕ್ಕೆ ಬಾಗಿ ಪೊದೆಗಳನ್ನು ಸರಿಸುತ್ತ ಸಾಗಿದಳು. "ನನಗೂ ಸಾಕಾಗಿದೆ ಇನ್‌ಸ್ಪೆಕ್ಟರ್. ನನ್ನ ಕೆಲಸದವರೇ ನನ್ನನ್ನ ಕಳ್ಳಿ ಹಾಗೆ ನೋಡ್ತಿದಾರೆ. ಹುಡುಕಿ, ನೋಡೇಬಿಡಿ. ಆದ್ರೆ ಹಾರೆ ನಾನು ಹೇಳಿದ ಕಡೆ ಮಾತ್ರ."

ಜೀರುಂಡೆಗಳು ಕೊರೆಯುತ್ತಿದ್ದವು. ಗೋಡೆಯ ಬುಡದಲ್ಲಿ ಕಲ್ಲುಗಳ ಮೇಲೆಲ್ಲ ಒಣಗಿದ ಪಾಚಿ ಹಳದಿ ಚಕ್ಕೆಗಳಾಗಿ ಅಂಟಿತ್ತು. ಒಂದು ಕಲ್ಲಿನ ಅಂಚಿನಲ್ಲಿ ಮಾತ್ರ ಅದು ಉಜ್ಜಿಹೋಗಿತ್ತು. ಆ ಗುರುತು ಕಾಣದಿರಲೆಂದು ಯಾರೋ ಆಡಿನ ಹಿಕ್ಕೆಯನ್ನು ಮಣ್ಣಿಗೆ ಕಲಸಿ ಮೆತ್ತಿದ್ದರು. ಬಹೀಜಾ ಉಗುರಿನಿಂದ ಕೆರೆದಳು. ಮೆತ್ತಿದ್ದು ಹುಡಿಯಾಗಿ ಉದುರಿತು.

"ಇಲ್ಲಿ," ಎಂದಳು.

ಲಖ್ದರ್ ಹಾರೆಯ ತುದಿಯನ್ನು ಸಂದಿಗೆ ಕೊಟ್ಟು ಮೈಯ ಭಾರವನ್ನೆಲ್ಲ ಹಾಕಿದ. ಹಣೆಯ ನರ ಉಬ್ಬಿತ್ತು. ಉಸಿರು ಕಟ್ಟಿ, ಹಲ್ಲು ಕಚ್ಚಿ ದುಡಿದ. ಬೇರೆ ದಿನವಾಗಿದ್ದರೆ ಸೊಂಟ ನೋವೆಂದು ನೆಪ ಹೇಳುತ್ತಿದ್ದವನು ಈ ದಿನ ಒಂದು ಮಾತೂ ಆಡಲಿಲ್ಲ. ಕಲ್ಲು ಗೊರಗೊರ ಎಂದು ಹೊರಳಿತು. ಒಳಗಿನ ಕತ್ತಲು ತಂಪಾಗಿ ಮುಖಕ್ಕೆ ಬಡಿಯಿತು.

ಬಹೀಜಾ ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ಕೈ ತೂರಿಸಿದಳು. ಮೊದಲು ಸಿಕ್ಕಿದ್ದು ತುಕ್ಕು ಹಿಡಿದ ತೋಟಾಗಳ ಒಂದು ಪಟ್ಟಿ, ಸ್ವಾತಂತ್ರ್ಯ ಯುದ್ಧದ ಕಾಲದ್ದು. ಫ್ರೆಂಚರ ಕಣ್ಣು ತಪ್ಪಿಸಿ ಬಂದೂಕುಗಳನ್ನು ಯಾರೋ ಇಲ್ಲಿ ಅಡಗಿಸಿದ್ದರು. ಅದರಾಚೆ ಬಟ್ಟೆ. ಬಟ್ಟೆಯೊಳಗೆ ಗುಂಡಗೆ, ಗಟ್ಟಿಯಾಗಿ, ಭಾರವಾಗಿ ಏನೋ.

ಮೂವರೂ ಸೇರಿ ಹೊರಗೆಳೆದರು. ಮುದುಕಿ ಉಡುವಂಥದೇ ಕಪ್ಪು ಬಟ್ಟೆಯ ಗಂಟು ಬಿಚ್ಚಿದಾಗ ಬಿಳಿಯ ಮುಖವೊಂದು ಬಿಸಿಲಿಗೆ ಕಣ್ಣು ತೆರೆದಂತೆ ಕಂಡಿತು. ಮೂಗಿನ ತುದಿ ಮುರಿದಿತ್ತು. ಹಣೆಯ ಮೇಲೆ ಶಿರಸ್ತ್ರಾಣದ ಅಂಚು.

ವಸೀಲಾ ಅದರ ಪಕ್ಕದಲ್ಲೇ ಧೂಳಿನಲ್ಲಿ ಕುಕ್ಕರಿಸಿದಳು. "ಅವಳೇ," ಎಂದಳು. ಸಿಡುಕಿನ ಆ ಹೆಂಗಸು ಮಕ್ಕಳ ಹಾಗೆ ಅಳತೊಡಗಿದಳು. ಮುಟ್ಟಿ ನೋಡಿದಳು, ಮತ್ತೆ ಅತ್ತಳು.

ಬಹೀಜಾಗೆ ಸಂತೋಷವಾಗಬೇಕಿತ್ತು. ಅರ್ಧ ಆಯಿತು. ಉಳಿದರ್ಧ ಎದೆಯಲ್ಲಿ ಮುಳ್ಳಾಗಿ ನಿಂತಿತು. ಮುದುಕಿ ಮಾರುವವಳಾಗಿದ್ದರೆ ಮಾರಿಯೇ ಬಿಡುತ್ತಿದ್ದಳು. ತನ್ನ ಮೈಮೇಲಿನ ಬಟ್ಟೆ ಹರಿದು ಸುತ್ತಿ, ಯುದ್ಧದಲ್ಲಿ ಬಂದೂಕು ಅಡಗಿಸಿದ ಜಾಗದಲ್ಲಿ ಇಟ್ಟು, ಪೊಲೀಸರ ಕೈಗೆ ಸಿಕ್ಕು, ಮಾರಿದೆ ಎಂದು ಯಾಕೆ ಸುಳ್ಳು ಹೇಳಿದಳು? ಯಾರಿಂದ ಅಡಗಿಸಿದಳು?

"ಇದನ್ನ ಇಲ್ಲಿ ಒಂದು ಗಳಿಗೆಯೂ ಇಡೋದು ಬೇಡ," ಎಂದಳು. "ಬಾತ್ನಾದ ವಸ್ತುಸಂಗ್ರಹಾಲಯಕ್ಕೆ ಈಗಲೇ ಹೋಗಲಿ. ಅಲ್ಲಿ ಕಬ್ಬಿಣದ ಬಾಗಿಲಿದೆ."

"ನಾನು ಒಯ್ತೀನಿ ಮದಾಮ್," ಎಂದ ಲಖ್ದರ್. ಆಗಲೇ ತಲೆಯನ್ನು ಕೂಸಿನ ಹಾಗೆ ಎದೆಗಪ್ಪಿಕೊಂಡಿದ್ದ.

"ನಾನೂ ಬರ್ತೀನಿ," ವಸೀಲಾ ಕಣ್ಣೊರೆಸಿಕೊಂಡು ಎದ್ದಳು. "ನನ್ನ ತೊಡೆ ಮೇಲೆ ಇಟ್ಕೊಂಡು ಹೋಗ್ತೀನಿ. ಆ ರಸ್ತೆ ಹಳ್ಳಗಳು ನಿಮಗೆ ಗೊತ್ತಲ್ಲ? ಇತ್ತ ಕೊಡಿ ಅದನ್ನ."

ಲಖ್ದರ್ ಕೊಡಲು ತುಸು ತಡಮಾಡಿದ. "ಬಿಸಿಲು ಜೋರಿದೆ ಡಾಕ್ಟರ್. ನೀವು ಇಲ್ಲೇ ಸುಧಾರಿಸ್ಕೊಳ್ಳಿ."

"ಬಿಸಿಲಲ್ಲೇ ಹುಟ್ಟಿದವಳು ನಾನು. ಕೊಡಿ."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಬಹೀಜಾ ಉತ್ಖನನದವರ ಹಳೆಯ ಲಾರಿ ಹತ್ತಿ ಠಾಣೆಯ ಕಡೆ ಹೊರಟಳು. ಬಿಡುಗಡೆಯ ಮಾತನ್ನು ತಾನೇ ಆ ಮುದುಕಿಗೆ ಹೇಳಬೇಕಿತ್ತು. ಹೇಗೆ ಹೇಳುವುದೆಂದು ಮಾತ್ರ ತಿಳಿಯದಾಗಿತ್ತು. ಭಾಷೆ ಬಲ್ಲವನನ್ನು ಆಗಷ್ಟೇ ಬಾತ್ನಾಕ್ಕೆ ಕಳಿಸಿದ್ದಳು.

*

ತೂನೆಸ್ ಇನ್ನೂ ಗೇಟಿನಲ್ಲೇ ಇದ್ದಳು. ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ನೆರಳಿಗೆ ಕುಳಿತಿದ್ದವಳು, ಲಾರಿಯಿಂದ ಬಹೀಜಾ ಒಬ್ಬಳೇ ಇಳಿದದ್ದನ್ನು ಕಂಡು ಎದ್ದು ನಿಂತಳು. ಈ ಸಲ ಕೂಗಲಿಲ್ಲ. ಸುಮ್ಮನೆ ನೋಡಿದಳು.

"ಒಳಗೆ ಬಾ," ಎಂದಳು ಬಹೀಜಾ. "ನನಗೆ ನಿನ್ನ ನಾಲಿಗೆ ಬೇಕು."

ಕೋಣೆಯ ಬಾಗಿಲು ತೆರೆದಾಗ ಮುದುಕಿ ಮೊದಲು ನೋಡಿದ್ದು ಅಣ್ಣನ ಮಗಳನ್ನಲ್ಲ. ಅವರಿಬ್ಬರ ಹಿಂದೆ ಯಾರಿದ್ದಾರೆಂದು ಕತ್ತು ಚಾಚಿ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ತೂನೆಸಳ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಶುರುವಾಯಿತು ಮಾತು. ಒಂದು ವಾರ ಕಟ್ಟೆ ಕಟ್ಟಿ ನಿಲ್ಲಿಸಿದ್ದ ನೀರಿನಂತೆ.

"ನಿಧಾನ," ಎಂದಳು ಬಹೀಜಾ. "ಲಲ್ಲಾ ಸಿಕ್ಕಿದಳು ಅಂತ ಹೇಳು. ಅಂಗೈ ಸನ್ನೆ ಅರ್ಥವಾಯ್ತು ಅಂತ ಹೇಳು. ಇನ್ನು ಮನೆಗೆ ಹೋಗಬಹುದು ಅಂತ ಹೇಳು. ಆಮೇಲೆ ಕೇಳು, ಮಾರಿದೆ ಅಂತ ಯಾಕೆ ಒಪ್ಪಿಕೊಂಡಳು?"

ತೂನೆಸ್ ಕೇಳಿದಳು. ಮುದುಕಿ ಬಾಯಿ ತೆರೆದು ಹಾಗೆಯೇ ನಿಂತಳು.

"ಮಾರಿದೆ ಅಂತ ಯಾವಾಗಂದೆ ನಾನು? ಅಂತಿದಾರೆ."

"ಬಿಳಿ ಕಾರಿನವನಿಗೆ ಕೊಟ್ಟೆ ಅಂದಿದ್ದರಲ್ಲ? ಮೊದಲು ನೀಲಿ ಕಾರು ಅಂದಿದ್ದರು."

"ಯಾವ ಕಾರು? ಕಾರಿನ ಮಾತೇ ನಾನು ಎತ್ತಿಲ್ಲ ಅಂತಾರೆ."

ಕೋಣೆಯಲ್ಲಿ ನೊಣವೊಂದು ಗುಂಯ್‌ಗುಡುತ್ತಿತ್ತು. ಬಹೀಜಾ ಬಾಗಿಲು ಮುಚ್ಚಿದಳು.

"ಹಾಗಾದ್ರೆ ಏನು ಹೇಳಿದ್ರು? ದಿನಾ ಇಷ್ಟಿಷ್ಟು ಹೊತ್ತು ಮಾತಾಡಿದ್ರಲ್ಲ, ಏನು ಹೇಳ್ತಿದ್ರು?"

ತೂನೆಸ್ ಕೇಳುತ್ತ ಹೋದಂತೆ ಅವಳ ಮುಖದ ಬಣ್ಣವೇ ಬದಲಾಯಿತು. ಅನುವಾದ ಮಾಡುವಾಗ ಅವಳ ಅರಬ್ಬಿ ತಡವರಿಸಿತು.

"ಗುರುವಾರ ಸಂಜೆ ಆಡು ಹೊಡ್ಕೊಂಡು ವಾಪಸು ಬರ್ತಿದ್ರಂತೆ. ಕಾವಲಿನವನು ನಮಾಜಿಗೆ ಹೋಗಿದ್ದ. ಒಬ್ಬ ಉಗ್ರಾಣದ ಬೀಗ ಒಡೆದು ಲಲ್ಲಾನ ಹೊತ್ಕೊಂಡು ಹೋಗಿ ಕಮಾನಿನ ಹತ್ರ ಮುಳ್ಳುಪೊದೆಯಲ್ಲಿ ಮುಚ್ಚಿಟ್ಟ. ಅವನು ಅತ್ತ ಹೋದ್ಮೇಲೆ ಅತ್ತೆ ಅದನ್ನ ಕತ್ತೆ ಮೇಲೆ ಹೇರಿ ಗೋಡೆ ಸಂದಿಗೆ ಒಯ್ದಿದಾರೆ, ಕಲ್ಲನ್ನೂ ಕತ್ತೆ ಕೈಲೇ ಎಳೆಸಿದಾರೆ; ತಲೆವಸ್ತ್ರ ಮಾತ್ರ ಮುಳ್ಳಿಗೆ ಸಿಕ್ಕಿ ಪೊದೆಯಲ್ಲೇ ಉಳೀತಂತೆ. ಯುದ್ಧದಲ್ಲಿ ಮಾವನ ಬಂದೂಕು ಅಲ್ಲೇ ಅಡಗಿಸ್ತಿದ್ದದ್ದು ಇವರೇ. ಬೆಳಿಗ್ಗೆ ಠಾಣೆಗೆ ಬಂದು ಹೇಳೋಣ ಅಂತಿದ್ರು. ಅಷ್ಟರಲ್ಲಿ ಅವನೇ ಬಂದು ಇವರನ್ನ ಹಿಡ್ಕೊಂಡು ಹೋದ."

"ಅವನೇ ಅಂದ್ರೆ?"

ಮುದುಕಿಗೆ ಅನುವಾದ ಬೇಕಾಗಲಿಲ್ಲ. ತೋರುಬೆರಳು ಚಾಚಿ ಬಾಗಿಲನ್ನು ತೋರಿಸಿದಳು. ಬೆಳಿಗ್ಗೆ ತೋರಿಸಿದ್ದ ಹಾಗೆಯೇ, ಗಾಳಿಯನ್ನು ತಿವಿಯುತ್ತ.

"ನಿಮ್ಮ ಸಾರ್ಜೆಂಟು," ಎಂದಳು ತೂನೆಸ್. "ನೀವು ಒಂದು ಕೇಳಿದ್ರೆ ಅವನು ಇನ್ನೊಂದು ಕೇಳ್ತಿದ್ನಂತೆ. ದಿನಾ ಅದೇ ಪ್ರಶ್ನೆ. ಎಲ್ಲಿಟ್ಟೆ ಹೇಳು, ಇಲ್ಲಾಂದ್ರೆ ಜೈಲಲ್ಲಿ ಕೊಳೀತೀಯ ಅಂತ. ಕಳ್ಳ ನೀನೇ ಅಲ್ವೇನೋ ಅಂತ ಅತ್ತೆ ಅವನ ಮುಖಕ್ಕೇ ಹೇಳ್ತಿದ್ರಂತೆ. ನಿಮ್ಮೆದುರಿಗೇ ಮದಾಮ್. ದಿನಾ ನಿಮ್ಮೆದುರಿಗೇ. ಈ ಹುಡುಗಿ ಕೇಳಿಸ್ಕೊಂಡೂ ಯಾಕೆ ಸುಮ್ನೆ ಕೂತಿದಾಳೆ ಅಂತ ಅತ್ತೆಗೆ ನಿಮ್ಮ ಮೇಲೇ ಸಿಟ್ಟು."

ಬಹೀಜಾ ಒಂದೊಂದನ್ನೇ ಜೋಡಿಸಿದಳು. ಅವನ ಉದ್ದುದ್ದ ಪ್ರಶ್ನೆಗಳು, ಚುಟುಕು ಉತ್ತರಗಳು. ನೀಲಿ ಕಾರು, ಬಿಳಿ ಕಾರು. ಗೇಟಿನಲ್ಲಿ ತೂನೆಸಳನ್ನು ತಡೆದ ಕಟ್ಟುನಿಟ್ಟು. ಕಾಫಿ, ಕಾಳಜಿ. ಇಷ್ಟು ದಿನ ಅವಳು ನಡೆಸಿದ್ದು ವಿಚಾರಣೆಯೇ ಅಲ್ಲ. ಅವನ ವಿಚಾರಣೆಗೆ ಅವಳು ಕುರ್ಚಿ ಹಾಕಿಕೊಟ್ಟಿದ್ದಳು, ಅಷ್ಟೆ. ಅವನಿಗೆ ಸಿಗದಿದ್ದ ಉತ್ತರವನ್ನು ಕೊನೆಗೆ ತಾನೇ ಪತ್ತೆ ಮಾಡಿ, ತನ್ನ ಕೈಯಾರೆ, ತನ್ನದೇ ಜೀಪಿನಲ್ಲಿಟ್ಟು ಕಳಿಸಿದ್ದಳು.

ಮುದುಕಿ ಏನೋ ಕೇಳಿದಳು.

"ಲಲ್ಲಾ ಈಗ ಎಲ್ಲಿದಾಳೆ ಅಂತ ಕೇಳ್ತಿದಾರೆ," ಎಂದಳು ತೂನೆಸ್.

ಬಹೀಜಾ ಉತ್ತರ ಕೊಡದೆ ವೈರ್‌ಲೆಸ್ ಕೋಣೆಗೆ ಓಡಿದಳು. ಅವರಿಬ್ಬರೂ ಹಿಂದೆಯೇ ಬಂದರು. ದನಿಯನ್ನು ಹಿಡಿತಕ್ಕೆ ತಂದುಕೊಂಡು ಜೀಪನ್ನು ಕರೆದಳು. ಒಮ್ಮೆ, ಇನ್ನೊಮ್ಮೆ. ಬರೀ ಕರಕರ ಸದ್ದು. ಮೂರನೆಯ ಸಲಕ್ಕೆ ಉತ್ತರ ಬಂತು.

"ಹೇಳಿ ಮದಾಮ್."

"ಎಲ್ಲಿದೀರಿ, ಅಮ್ಮಿ ಲಖ್ದರ್?"

"ಇನ್ನೇನು, ಬಾತ್ನಾ ಬಂತು ಅನ್ನಿ."

ದನಿ ಬಹಳ ದೂರದಿಂದ ಬಂದಂತಿತ್ತು, ನಡುನಡುವೆ ಮುಳುಗುತ್ತಿತ್ತು. ಬಾತ್ನಾ ರಸ್ತೆ ಪೂರ್ತಿ ಬಯಲು. ಆ ದಾರಿಯಲ್ಲಿ ವೈರ್‌ಲೆಸ್ ಹೀಗೆ ಮುಳುಗಿದ್ದನ್ನು ಅವಳು ಕಂಡಿರಲಿಲ್ಲ. ಬೆಟ್ಟ ಅಡ್ಡ ಬರುವುದು ಪೂರ್ವಕ್ಕೆ, ತೆಬೆಸ್ಸಾದ ಕಡೆಗೆ. ಅದರಾಚೆ ಟುನೀಸಿಯಾದ ಗಡಿ.

"ಒಳ್ಳೇದು," ಎಂದಳು. "ಡಾಕ್ಟರ್ ಕೈಗೆ ಒಂದು ನಿಮಿಷ ಕೊಡಿ. ವಸ್ತುಸಂಗ್ರಹಾಲಯದವರು ಏನೋ ಕೇಳ್ತಿದಾರೆ."

ಕರಕರ. ಕರಕರ.

"ಡಾಕ್ಟರ್ ಮಲಗಿಬಿಟ್ಟಿದಾರೆ ಮದಾಮ್. ಪಾಪ, ಈ ಬಿಸಿಲು."

ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ವಸೀಲಾ, ಆ ರಸ್ತೆಯಲ್ಲಿ, ನಿದ್ದೆ ಮಾಡುವುದೆ? ಬಹೀಜಾ ಕಣ್ಣು ಮುಚ್ಚಿಕೊಂಡಳು. "ಎಬ್ಬಿಸಿ. ಮುಖ್ಯವಾದ ಮಾತಿದೆ."

ಅವಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಅಷ್ಟರಲ್ಲಿ ಆ ದನಿಯ ಗುರುತು ಹಿಡಿದ ಯೆಮ್ಮಾ ಮುಬಾರ್ಕಾ ಯಂತ್ರದ ಕಡೆಗೆ ನುಗ್ಗಿ ಬಾಯಿಗೆ ಬಂದದ್ದನ್ನೆಲ್ಲ ಕೂಗತೊಡಗಿದಳು. ತೂನೆಸ್ ಅವಳನ್ನು ಹಿಂದಕ್ಕೆ ಎಳೆಯುತ್ತ "ಅತ್ತೆ, ಸುಮ್ನಿರಿ! ಅತ್ತೆ!" ಎಂದಳು. ಬಹೀಜಾ ಗುಂಡಿಯಿಂದ ಬೆರಳು ತೆಗೆಯುವ ಹೊತ್ತಿಗೆ ಎಲ್ಲವೂ ಆ ತುದಿಗೆ ಮುಟ್ಟಿಯಾಗಿತ್ತು.

ಮತ್ತೆ ಕರಕರ ಸದ್ದು. ಆಮೇಲೆ ಲಖ್ದರನ ದನಿ ಬಂತು. ಅದರಲ್ಲಿ ಈಗ ನಗುವೂ ಇರಲಿಲ್ಲ, ಮದಾಮ್ ಎಂಬ ಮರ್ಯಾದೆಯೂ ಇರಲಿಲ್ಲ.

"ನಾಳೆ ಬಾ ಅಂದಿದ್ಯಲ್ಲ ಮಗಳೇ ಆ ತೂನೆಸ್‌ಗೆ. ಇವತ್ತೇ ಯಾಕೆ ಒಳಗೆ ಬಿಟ್ಟೆ? ಈಗ ನೋಡು, ಡಾಕ್ಟರ್‌ನ ನಾನು ವಾಪಸು ಕಳಿಸೋ ಹಾಗೇ ಇಲ್ಲ."